ಇಳಿಯುವ ಸವಾಲು

ನಮ್ಮ ಸೀಮೆಯ ಜನಕ್ಕೆ ಸವಾಲು ಕೂಗುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ನೆರಳಿನಲ್ಲಿ ಹುಟ್ಟಿದ ಮಗು ನಡೆಯಲು ಕಲಿಯುವ ಹೊತ್ತಿಗೆ ನಾಲ್ಕಾರು ಹರಾಜುಗಳನ್ನಾದರೂ ನೋಡಿರುತ್ತದೆ. ಕೆರೆ ಏರಿಯ ಮೇಲಿನ ಹುಣಸೆ ಮರಗಳ ಫಸಲು ಹರಾಜು. ಕೆರೆಯ ಮೀನು ಹರಾಜು. ಸಂತೆಯ ಸುಂಕ ಹರಾಜು. ಜಾತ್ರೆ ಮುಗಿದ ಮೇಲೆ ಅಮ್ಮನವರಿಗೆ ಉಡಿಸಿದ ಸೀರೆ, ಮುಡಿಸಿದ ಹಾರ, ಕೊನೆಗೆ ರಥಕ್ಕೆ ಕಟ್ಟಿದ ಬಾಳೆಗೊನೆ ಕೂಡ ಹರಾಜು. ನೂರು ರೂಪಾಯಿ ಬೆಲೆಯ ಗೊನೆಯನ್ನು ಹಠಕ್ಕೆ ಬಿದ್ದು ಸಾವಿರಕ್ಕೆ ಕೂಗಿ, ಮನೆಗೆ ಹೋಗಿ ಹೆಂಡತಿಯಿಂದ ಬೈಸಿಕೊಂಡವರು ಪ್ರತಿ ಊರಿನಲ್ಲೂ ಇಬ್ಬರು ಮೂವರು ಸಿಗುತ್ತಾರೆ.

ಇದರ ಜೊತೆಗೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಇದೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ, ಒಳಗೆ ಗಡಗಡ ಸದ್ದು ಬಂದ ಮೇಲೆ ಸುಲಿದು ಒಡೆದು ತೆಗೆದ ಉಂಡೆ ಕೊಬ್ಬರಿಯನ್ನು ರೈತ ಮಂಡಿಗೆ ತಂದು ಹಾಕುತ್ತಾನೆ. ವ್ಯಾಪಾರಿಗಳು ಒಂದೊಂದು ಲಾಟನ್ನೂ ಮುಟ್ಟಿ ನೋಡಿ ಮನಸ್ಸಿನಲ್ಲೇ ದರ ಕಟ್ಟುತ್ತಾರೆ. ಹಿಂದೆ ಆ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಆಮೇಲೆ ಅದು ಕಂಪ್ಯೂಟರಿಗೆ ಹೋಯಿತು. ಹೆಚ್ಚು ಬರೆದವನಿಗೆ ಮಾಲು. ದರ ಹಿಡಿಸದಿದ್ದರೆ ರೈತ ಒಲ್ಲೆನೆನ್ನಬಹುದು. ಇನ್ನು ದನಗಳ ಜಾತ್ರೆಯಲ್ಲಿ ಟವಲ್ಲಿನ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರವಂತೂ ಮೌನ ಹರಾಜು. ಮೇಲೆ ಮುಖಗಳು ನಿರ್ವಿಕಾರ, ಕೆಳಗೆ ಬೆರಳುಗಳ ಜಗಳ.

ಇಷ್ಟೆಲ್ಲ ಬಲ್ಲ ನಮ್ಮವರು ಟೆಂಡರು ಎಂದ ಕೂಡಲೇ ಏಕೆ ತಬ್ಬಿಬ್ಬಾಗುತ್ತಾರೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಕಾರಣ ಸರಳವಾಗಿದೆ. ನಮಗೆ ಗೊತ್ತಿರುವ ಸವಾಲುಗಳೆಲ್ಲ ಏರುವ ಸವಾಲುಗಳು. ಟೆಂಡರು ಇಳಿಯುವ ಸವಾಲು. ಅಲ್ಲಿ ಮೇಲೆ ಹೋದವನು ಗೆದ್ದರೆ ಇಲ್ಲಿ ಕೆಳಗೆ ಹೋದವನು ಗೆಲ್ಲುತ್ತಾನೆ. ಉರ್ದುವಿನಲ್ಲಿ ಸವಾಲು ಎಂದರೆ ಪ್ರಶ್ನೆ ಎಂದರ್ಥವಂತೆ. ಜಾತ್ರೆಯಲ್ಲಿ ಕೇಳುವ ಪ್ರಶ್ನೆ, 'ಇದಕ್ಕಿಂತ ಹೆಚ್ಚು ಕೊಡುವವರುಂಟೇ?' ಎಂಬುದು. ಪಂಚಾಯತಿ ಕೇಳುವ ಪ್ರಶ್ನೆ, 'ಇದಕ್ಕಿಂತ ಕಡಿಮೆಗೆ ಮಾಡುವವರುಂಟೇ?' ಎಂಬುದು. ಮೊದಲನೆಯದರಲ್ಲಿ ಸೋತರೆ ನಷ್ಟವಿಲ್ಲ. ಎರಡನೆಯದರಲ್ಲಿ ಗೆದ್ದರೂ ನಷ್ಟವಾಗಬಹುದು.

ನಾನು ಕಂಟ್ರಾಕ್ಟರನಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಹಳ್ಳಿಯಲ್ಲಿ ನಿವೃತ್ತ ಮೇಷ್ಟ್ರು ಎಂದರೆ ಸಂಬಳವಿಲ್ಲದ ಗುಮಾಸ್ತ. ಪಹಣಿ ತಿದ್ದುಪಡಿಯ ಅರ್ಜಿ, ಬೆಳೆ ವಿಮೆ, ಕೊಬ್ಬರಿ ಬೆಂಬಲ ಬೆಲೆಯ ನೋಂದಣಿ, ಎಲ್ಲಕ್ಕೂ ನನ್ನ ಜಗಲಿಗೇ ಬರುತ್ತಾರೆ. ಹಾಗೆ ಬಂದವನು ನನ್ನ ಅಕ್ಕನ ಮಗ. ಗಾರೆ ಕೆಲಸದ ಮೇಸ್ತ್ರಿ, ಕೈ ಶುದ್ಧ. ರಸ್ತೆ ಪಕ್ಕದ ತುಂಡು ಜಾಗದಲ್ಲಿ ಸಿಮೆಂಟ್ ಇಟ್ಟಿಗೆ ಹಾಕಿಸುತ್ತಿದ್ದ. ಇಟ್ಟಿಗೆ ಕೊಳ್ಳುತ್ತಿದ್ದವರು ಹೊರಗಿನ ಕಂಟ್ರಾಕ್ಟರುಗಳು. ಅವನ ಇಟ್ಟಿಗೆ, ನಮ್ಮೂರ ಆಳು, ನಮ್ಮೂರ ಶಾಲೆ. ನಡುವೆ ಬೇರೆ ಊರಿನವನ ಲಾಭ. ಒಂದು ದಿನ ಬಂದು, "ಮಾವ, ನಾನೇ ಯಾಕೆ ಹಾಕಬಾರದು ಟೆಂಡ್ರು?" ಎಂದ. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅಂದಿನಿಂದ ನಾನು ಟೆಂಡರು ಪತ್ರಗಳನ್ನು ಓದತೊಡಗಿದೆ. ಇಳಿವಯಸ್ಸಿನಲ್ಲಿ ಓದಬೇಕಾದ ಗ್ರಂಥಗಳು ಬೇರೆ ಇವೆ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಅರಳಗುಪ್ಪೆಗೆ ಕಟ್ಟಡದ ಕೆಲಸ ಹೊಸದಲ್ಲ. ಕಲ್ಲೇಶ್ವರ ಗುಡಿ ಒಂಬತ್ತನೆಯ ಶತಮಾನದ್ದು. ಅದರ ಮಾಳಿಗೆಯ ಕಲ್ಲಿನಲ್ಲಿ ನಡುವೆ ನಟರಾಜ, ಸುತ್ತ ಎಂಟು ಮಂದಿ ದಿಕ್ಪಾಲಕರು. ಕತ್ತು ನೋಯುವವರೆಗೆ ನೋಡಿದರೂ ಕಣ್ಣು ತಣಿಯುವುದಿಲ್ಲ. ಹತ್ತಿರದಲ್ಲೇ ಹದಿಮೂರನೆಯ ಶತಮಾನದ ಹೊಯ್ಸಳರ ಚೆನ್ನಕೇಶವ ಗುಡಿ. ಹೊಯ್ಸಳರ ಕಾಲದ ಶಿಲ್ಪಿಗಳಿಗೆ ತಮ್ಮ ವಿಗ್ರಹದ ಕೆಳಗೆ ಹೆಸರು ಕೆತ್ತುವ ಅಭ್ಯಾಸವಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಹೀಗೆ ಹೆಸರುಗಳು ಉಳಿದು ಬಂದಿವೆ. ಗುತ್ತಿಗೆ ಎಂಬ ಮಾತೂ ಹಳೆಯದೇ. ಶಾಸನಗಳಲ್ಲಿ ಗುತ್ತಗೆ ಎಂದಿದೆ. ಮೈಸೂರು ಸೀಮೆಯ ಭೂಮಿಗಳಲ್ಲಿ ಕಟ್ಟುಗುತ್ತಿಗೆ ಎಂಬುದೊಂದು ಬಗೆಯೇ ಇತ್ತು. ಇಂದಿನ ಕಾಮಗಾರಿಯ ಬಳಿಯೂ ಹೆಸರಿನ ಹಲಗೆ ಇರುತ್ತದೆ: ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು. ವ್ಯತ್ಯಾಸವಿಷ್ಟೇ: ಆ ಹೆಸರುಗಳು ವಿಗ್ರಹ ಇರುವವರೆಗೆ ಇರುತ್ತವೆ, ಈ ಹಲಗೆ ಹಲವು ಕಡೆ ರಸ್ತೆಗಿಂತ ಹೆಚ್ಚು ದಿನ ಬಾಳುತ್ತದೆ.

ಹಿಂದಿನ ಪದ್ಧತಿಯನ್ನೂ ನಾನು ಕಂಡಿದ್ದೇನೆ. 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯತಿಗಳು ಬಂದವು. ಅಬ್ದುಲ್ ನಜೀರ್ ಸಾಬರು ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನ್ನಿಸಿಕೊಂಡ ಕಾಲ ಅದು. ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತಿಗಳಾದವು. ಹರಾಜಿದ್ದರೆ ತಮಟೆ ಸಾರುತ್ತಿದ್ದರು. ಟೆಂಡರಿಗೆ ತಮಟೆ ಇರಲಿಲ್ಲ. ಕಚೇರಿಯ ಗೋಡೆಗೆ ಒಂದು ಕಾಗದ ಅಂಟಿಸುತ್ತಿದ್ದರು. ಅಂಟು ಒಣಗುವುದರೊಳಗೆ ಅದು ಮಾಯವಾಗಿರುತ್ತಿದ್ದುದೂ ಉಂಟು. ಫಾರಂ ಕೇಳಲು ಹೋದರೆ ಮುಗಿದುಹೋಗಿದೆ ಎನ್ನುತ್ತಿದ್ದರು. ಫಾರಂ ಸಿಕ್ಕಿದರೂ ಅದನ್ನು ಹಾಕಬೇಕಾದ ಪೆಟ್ಟಿಗೆಯ ಮುಂದೆ ನಾಲ್ಕು ಜನ ದಾಂಡಿಗರು ಬೀಡಿ ಸೇದುತ್ತ ನಿಂತಿರುತ್ತಿದ್ದರು. ಅವರು ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಇನ್ನೊಂದು ಬಗೆ ಇದಕ್ಕಿಂತ ನಯವಾದದ್ದು. ನಾಲ್ಕು ಜನ ಕಂಟ್ರಾಕ್ಟರುಗಳು ಮೊದಲೇ ಹೋಟೆಲಿನಲ್ಲಿ ಕೂತು, ಈ ಕೆಲಸ ನಿನಗೆ, ಮುಂದಿನದು ನನಗೆ ಎಂದು ಹಂಚಿಕೊಳ್ಳುತ್ತಿದ್ದರು. ಒಬ್ಬನು ನಿಜವಾದ ದರ ಬರೆದರೆ ಉಳಿದ ಮೂವರು ಅವನಿಗಿಂತ ಒಂದಿಷ್ಟು ಹೆಚ್ಚಿಗೆ ಬರೆದು ಪೈಪೋಟಿಯ ವೇಷ ಕಟ್ಟುತ್ತಿದ್ದರು. ಪೆಟ್ಟಿಗೆ ತೆರೆದಾಗ ನಾಲ್ಕು ಲಕೋಟೆಗಳು, ನಾಲ್ಕೂ ಒಂದೇ ಕೈಬರಹದವು! 2002ರ ಸ್ಪರ್ಧಾ ಕಾಯ್ದೆ ಇಂಥ ಒಳ ಒಪ್ಪಂದವನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿತು. ಆದರೆ ಕಾಯ್ದೆ ಇರುವುದು ದಿಲ್ಲಿಯಲ್ಲಿ, ಹೋಟೆಲಿರುವುದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ.

ಕರ್ನಾಟಕ ಈ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಎಂಬ ಉದ್ದ ಹೆಸರಿನ ಕಾಯ್ದೆಯನ್ನು 1999ರಲ್ಲಿ ಮಾಡಿ, 2000ದಲ್ಲಿ ಅದಕ್ಕೆ ನಿಯಮಗಳನ್ನೂ ಬರೆಯಿತು. ಟೆಂಡರನ್ನು ಬುಲೆಟಿನ್ನಿನಲ್ಲಿ ಪ್ರಕಟಿಸಬೇಕು. ಉತ್ತರ ಕೊಡಲು ಜನರಿಗೆ ಸಮಯ ಕೊಡಬೇಕು. ಮೂಲ ನಿಯಮದಲ್ಲಿ 2 ಕೋಟಿಯವರೆಗಿನ ಟೆಂಡರಿಗೆ 30 ದಿನ, ಅದಕ್ಕೆ ಮೇಲ್ಪಟ್ಟರೆ 60 ದಿನ ಎಂದಿತ್ತು. ಯಾರನ್ನು ಒಪ್ಪಿದರು, ಯಾರನ್ನು ಏಕೆ ಬಿಟ್ಟರು ಎಂಬುದಕ್ಕೆ ಕಾರಣ ಬರೆಯಬೇಕು. ಅನ್ಯಾಯವಾಯಿತು ಎನ್ನಿಸಿದವನು 16ನೆಯ ಪ್ರಕರಣದ ಕೆಳಗೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕೊಬ್ಬರಿ ಮಾರುವ ರೈತನ ಹಾಗೆ ಸರ್ಕಾರವೂ ಎಲ್ಲ ದರಗಳನ್ನೂ ಒಲ್ಲೆನೆಂದು ತಳ್ಳಿಹಾಕಬಹುದು. ಆಮೇಲೆ 2007ರ ಸುಮಾರಿಗೆ ಟೆಂಡರು ಕಂಪ್ಯೂಟರಿಗೆ ಹತ್ತಿತು. ಪೆಟ್ಟಿಗೆಯ ಮುಂದೆ ನಿಂತಿದ್ದ ದಾಂಡಿಗರಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಈ ಒಂದು ಉಪಕಾರವನ್ನು ಕಂಪ್ಯೂಟರಿನಿಂದ ಯಾರೂ ಕಸಿಯಲಾರರು.

ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಹೊಸಿಲು ಚಿಕ್ಕದಾಯಿತು ಎಂದಲ್ಲ. ಅಕ್ಕನ ಮಗ ಆ ಹೊಸಿಲು ದಾಟಲು ಪಟ್ಟ ಪಾಡನ್ನು ಹೇಳುತ್ತೇನೆ. ಹೊಸಬರಿಗೆ ಉಪಯೋಗವಾದೀತು.

ಮೊದಲಿಗೆ ಗುತ್ತಿಗೆದಾರನ ನೋಂದಣಿ. ಲೋಕೋಪಯೋಗಿ ಇಲಾಖೆಯಲ್ಲಿ ಒಂದರಿಂದ ನಾಲ್ಕರವರೆಗೆ ದರ್ಜೆಗಳಿವೆ. ಹೊಸಬನು ಕೆಳಗಿನ ದರ್ಜೆಯಿಂದ ಶುರು ಮಾಡಬೇಕು. ದರ್ಜೆಗೆ ತಕ್ಕಷ್ಟು ಮೊತ್ತದ ಕೆಲಸ. ಆಮೇಲೆ ಪ್ಯಾನ್ ಕಾರ್ಡು, ಜಿ.ಎಸ್.ಟಿ. ನಂಬರು, ಬ್ಯಾಂಕ್ ಖಾತೆ, ಹಿಂದಿನ ಕೆಲಸಗಳ ದಾಖಲೆ. ಅವನು ಇಪ್ಪತ್ತು ವರ್ಷ ಮನೆ ಕಟ್ಟಿದ್ದಾನೆ. ಊರಿನ ಅರ್ಧ ಗೋಡೆಗಳು ಅವನಿಗೆ ಸಾಕ್ಷಿ ಹೇಳುತ್ತವೆ. ಆದರೆ ಗೋಡೆಯ ಸಾಕ್ಷಿ ನಡೆಯುವುದಿಲ್ಲ, ಸರ್ಟಿಫಿಕೇಟು ಬೇಕು. ಕೊನೆಗೆ ಡಿಜಿಟಲ್ ಸಹಿ. ಬೆರಳುಗಾತ್ರದ ಒಂದು ಕಡ್ಡಿ; ಕಂಪ್ಯೂಟರಿಗೆ ಸಿಕ್ಕಿಸಿದರೆ ಸಹಿ ಬೀಳುತ್ತದೆ. "ನಮ್ಮಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ, ನಾನು ಸಹಿ ಕಲಿತೆ, ಈಗ ಮತ್ತೆ ಬೆಟ್ಟಿನ ಗಾತ್ರದ್ದೇ ಬಂತಲ್ಲ ಮಾವ!" ಎಂದ. ಅನೇಕರು ಈ ಕಡ್ಡಿಯನ್ನು ಸೈಬರ್ ಅಂಗಡಿಯ ಹುಡುಗನ ಕೈಗೇ ಕೊಟ್ಟುಬಿಡುತ್ತಾರೆ. ಚೆಕ್ ಪುಸ್ತಕಕ್ಕೆಲ್ಲ ಸಹಿ ಹಾಕಿ ಕೊಟ್ಟ ಹಾಗೆ ಅದು. ಕಡ್ಡಿ ನಿಮ್ಮ ಜೇಬಿನಲ್ಲೇ ಇರಲಿ.

ಮುಂದಿನದು ಟೆಂಡರು ಪತ್ರ. ಕಾಮಗಾರಿ ದೊಡ್ಡದಾದಂತೆ ಕೆ.ಡಬ್ಲ್ಯೂ-1ರಿಂದ ಮೇಲೆ ಮೇಲೆ ಹೋಗುವ ನಮೂನೆಗಳಿವೆ. ಜನ ಮೊದಲ ಪುಟದ ಮೊತ್ತವನ್ನೂ ಕೊನೆಯ ದಿನಾಂಕವನ್ನೂ ನೋಡಿ ಮುಚ್ಚಿಡುತ್ತಾರೆ. ಹುಲಿ ಇರುವುದು ನಡುವಿನ ಪೊದೆಯಲ್ಲಿ. ಮುಂಗಡ ಠೇವಣಿ ಎಷ್ಟು, ಯಾವ ರೂಪದಲ್ಲಿ? ಕೆಲಸ ಎಷ್ಟು ದಿನದಲ್ಲಿ ಮುಗಿಯಬೇಕು, ತಡವಾದರೆ ದಂಡವೆಷ್ಟು? ಮುಗಿದ ಮೇಲೆ ಎಷ್ಟು ಕಾಲ ದೋಷಕ್ಕೆ ನಾವೇ ಹೊಣೆ? ಜಿ.ಎಸ್.ಟಿ. ದರದೊಳಗೆ ಸೇರಿದೆಯೋ ಹೊರಗಿದೆಯೋ? ಈ ಕೊನೆಯದು ಸಣ್ಣ ಪ್ರಶ್ನೆಯಲ್ಲ. ಸ್ಥಳೀಯ ಸಂಸ್ಥೆಗಳ ಕಾಮಗಾರಿಗೆ 2022ರ ಜುಲೈನಲ್ಲಿ ಈ ತೆರಿಗೆ ಶೇ. 12ರಿಂದ ಶೇ. 18ಕ್ಕೆ ಏರಿದಾಗ, ಹಳೆಯ ಲೆಕ್ಕದಲ್ಲಿ ದರ ಬರೆದಿದ್ದ ಎಷ್ಟೋ ಜನರ ಲಾಭ ಅಲ್ಲೇ ಆವಿಯಾಯಿತು.

ದರ ಕಟ್ಟುವುದಂತೂ ಒಂದು ವಿದ್ಯೆ. ಇಂಜಿನಿಯರು ದರಪಟ್ಟಿ ನೋಡಿ ಅಂದಾಜು ಮಾಡಿರುತ್ತಾರೆ. ನಾವು ಅದಕ್ಕಿಂತ ಎಷ್ಟು ಕೆಳಗೆ, ಎಷ್ಟು ಮೇಲೆ ಎಂದು ಬರೆಯಬೇಕು. ಕಂಟ್ರಾಕ್ಟರ ಬಾಯಲ್ಲಿ ಇವು 'ಬಿಲೋ', 'ಅಬೋ'. ನೋಡಿದವನೇ 'ಹತ್ತು ಬಿಲೋ' ಎಂದು ಬಿಡುವುದು ಶೂರತನವೆಂದು ಅವರು ತಿಳಿದಿದ್ದಾರೆ. ನಾನು ಅಕ್ಕನ ಮಗನನ್ನು ಸ್ಲೇಟು ಹಿಡಿದ ಹುಡುಗನ ಹಾಗೆ ಕೂರಿಸಿಕೊಂಡು, ಸಿಮೆಂಟು ಎಷ್ಟು ಚೀಲ, ಎಂ-ಸ್ಯಾಂಡ್ ಎಷ್ಟು ಲೋಡು, ಕಬ್ಬಿಣ ಎಷ್ಟು ಕ್ವಿಂಟಾಲು, ಆಳು ಎಷ್ಟು, ಸಾಲಕ್ಕೆ ಬಡ್ಡಿ ಎಷ್ಟು ಎಂದು ಬರೆಸಿದೆ. ಬಡ್ಡಿಯ ಕಾಲಂ ಕಂಡು ಅವನಿಗೆ ಆಶ್ಚರ್ಯ. "ಬಡ್ಡೀನೂ ಖರ್ಚಾ ಮಾವ?" ಎಂದ. ಕೊಡುವವನು ನೀನಾದರೆ ಖರ್ಚೇ ಅಲ್ಲವೇನೋ ಎಂದೆ.

ಅವನ ಮೊದಲ ಟೆಂಡರು ತೆರೆದ ದಿನವೇ ಸತ್ತುಹೋಯಿತು. ಎರಡು ಲಕೋಟೆಯ ಪದ್ಧತಿ. ಮೊದಲನೆಯದರಲ್ಲಿ ಅರ್ಹತೆಯ ಕಾಗದಗಳು, ಎರಡನೆಯದರಲ್ಲಿ ದರ. ಮೊದಲನೆಯದು ಪಾಸಾಗದಿದ್ದರೆ ಎರಡನೆಯದನ್ನು ಯಾರೂ ತೆರೆಯುವುದೇ ಇಲ್ಲ. ಒಂದು ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿ ತರುವೆನೆಂದು ಹೋದವನು ಜಾತ್ರೆಗೆ ನೆಂಟರು ಬಂದರೆಂದು ಮರೆತಿದ್ದ. ಅವನ ದರ ಎಷ್ಟೇ ಚೆನ್ನಾಗಿದ್ದಿರಲಿ, ಅದು ತೆರೆಯದ ಲಕೋಟೆಯಲ್ಲಿ ಕನ್ಯೆಯಾಗಿಯೇ ಉಳಿಯಿತು.

ಎರಡನೆಯದು ಶಾಲೆಯ ಬೀದಿಯ ಚರಂಡಿ, ಮೇಲೆ ಚಪ್ಪಡಿ. ಅಂದಾಜು 8,00,000 ರೂಪಾಯಿ. ನಮ್ಮ ಸ್ಲೇಟಿನ ಲೆಕ್ಕದಲ್ಲಿ ಸಾಮಾನು 4,30,000, ಕೂಲಿ 1,90,000, ಸಾಗಣೆ ಮತ್ತು ಸೆಂಟ್ರಿಂಗ್ 40,000, ಬಡ್ಡಿ 30,000, ಒಟ್ಟು 6,90,000. ಶೇ. 6 ಕೆಳಗೆ ಬರೆದರೆ 7,52,000 ಬರುತ್ತದೆ, 62,000 ಉಳಿಯುತ್ತದೆ. ಹಾಗೇ ಬರೆದ. ಗೆದ್ದವನು ಬರೆದದ್ದು ಶೇ. 23 ಕೆಳಗೆ. ಅಂದರೆ 6,16,000. ನಮ್ಮ ಖರ್ಚಿಗಿಂತಲೂ 74,000 ಕಡಿಮೆ! ಅಕ್ಕನ ಮಗ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ತಾನೇ ದುಬಾರಿ ಮನುಷ್ಯನೋ ಏನೋ ಎಂಬ ಅನುಮಾನ ಅವನಿಗೆ.

ಗಣಿತದ ಮೇಷ್ಟ್ರಿಗೆ ಇದು ಬಹಳ ಸುಲಭದ ಲೆಕ್ಕ. ಸಿಮೆಂಟಿನ ಅಂಗಡಿಯವನು ಯಾರಿಗೂ ಧರ್ಮಕ್ಕೆ ಕೊಡುವುದಿಲ್ಲ. ಕೂಲಿಯವನು ಸಂಜೆ ಹಣ ಎಣಿಸದೆ ಹೋಗುವುದಿಲ್ಲ. ಹಾಗಾದರೆ ಆ 74,000 ಎಲ್ಲಿಂದ ಬರಬೇಕು? ಚರಂಡಿಯ ಒಳಗಿಂದಲೇ ಬರಬೇಕು. ಹಾಗೆಯೇ ಬಂತು. ಎರಡನೆಯ ಮಳೆಗಾಲಕ್ಕೆ ಚಪ್ಪಡಿಗಳು ಬಾಯಿಬಿಟ್ಟವು. ಒಂದರಲ್ಲಿ ಕಂಬಿಯ ಬದಲು ಹೆಸರಿಗೆ ಎರಡು ಎಳೆ ತಂತಿ ಕಾಣುತ್ತಿತ್ತು. ಎರಡನೆಯ ತರಗತಿಯ ಹುಡುಗಿಯೊಬ್ಬಳು ಕಾಲು ಸಿಕ್ಕಿಸಿಕೊಂಡು ಆರು ವಾರ ಶಾಲೆಗೆ ಬರಲಿಲ್ಲ. ಸರ್ಕಾರಕ್ಕೆ ಉಳಿದ ಹಣ ಕಡತದಲ್ಲಿದೆ; ಆ ಆರು ವಾರ ಯಾವ ಕಡತದಲ್ಲೂ ಇಲ್ಲ. ಎಲ್ಲಕ್ಕಿಂತ ಕಡಿಮೆ ದರ ಎಂಬುದಕ್ಕೂ ಎಲ್ಲಕ್ಕಿಂತ ಕಡಿಮೆ ಖರ್ಚು ಎಂಬುದಕ್ಕೂ ಇರುವ ಅಂತರ ಇದೇ. ದರ ತೀರ ಕೆಳಗಿದ್ದರೆ ಹೆಚ್ಚುವರಿ ಭದ್ರತಾ ಠೇವಣಿ ಕೇಳಲು, ವಿವರಣೆ ಕೇಳಲು ಅಧಿಕಾರಿಗಳಿಗೆ ದಾರಿಯಿದೆ. ಕೇಳುವ ಮನಸ್ಸು ಬೇಕು. ಮತ್ತು ಚಪ್ಪಡಿ ಹಾಕುವ ದಿನ ಊರಿನ ನಾಲ್ಕು ಜನ ಅಲ್ಲಿ ನಿಂತು ನೋಡಬೇಕು. 2005ರ ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ ಅಳತೆ ಪುಸ್ತಕದ ನಕಲನ್ನು ಯಾರು ಬೇಕಾದರೂ ಕೇಳಬಹುದು. ನಾವು ಬಾಳೆಗೊನೆಯ ಹರಾಜಿಗೆ ಸೇರುವಷ್ಟು ಜನ ಚಪ್ಪಡಿಗೆ ಸೇರುವುದಿಲ್ಲ.

ಇಳಿಯುವ ಸವಾಲಿನಿಂದ ತಪ್ಪಿಸಿಕೊಳ್ಳುವ ದಾರಿಗಳೂ ಸರ್ಕಾರಕ್ಕೆ ಗೊತ್ತಿವೆ. 1974ರಲ್ಲಿ ಹುಟ್ಟಿದ ಭೂಸೇನಾ ನಿಗಮಕ್ಕೆ, ಈಗಿನ ಹೆಸರಿನಲ್ಲಿ ಕೆ.ಆರ್.ಐ.ಡಿ.ಎಲ್.ಗೆ, ಟೆಂಡರಿಲ್ಲದೆಯೇ ಎಷ್ಟೋ ಕೆಲಸಗಳು ಹೋಗಿವೆ. 2005ರ ಉದ್ಯೋಗ ಖಾತರಿ ಕಾಯ್ದೆಯಂತೂ ಕಂಟ್ರಾಕ್ಟರನನ್ನೇ ಬಾಗಿಲ ಹೊರಗೆ ನಿಲ್ಲಿಸಿತು. ಕೂಲಿ ನೇರವಾಗಿ ಕೂಲಿಕಾರನ ಖಾತೆಗೆ ಹೋಗಬೇಕೆಂದಿತು. ತಲೆಮಾರುಗಳಿಂದ ಕಲ್ಲು ಹೊತ್ತವರೇ ಎಂದೂ ಕಂಟ್ರಾಕ್ಟರುಗಳಾಗದೆ ಉಳಿದದ್ದನ್ನು ಕಂಡು, 2017ರಿಂದ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲಿಟ್ಟರು. 2023ರಲ್ಲಿ ಆ ಮಿತಿಯನ್ನು 1 ಕೋಟಿಗೆ ಏರಿಸಿದರು. ಇದು ನ್ಯಾಯವೇ. ಆದರೆ ಕಾಗದದಲ್ಲಿ ಒಬ್ಬನ ಹೆಸರು, ಕೆಲಸದ ಜಾಗದಲ್ಲಿ ಇನ್ನೊಬ್ಬನ ಜೀಪು ಎಂಬ ಹಳೆಯ ರೋಗ ಇಲ್ಲಿಗೂ ಹಬ್ಬದಂತೆ ನೋಡಿಕೊಳ್ಳಬೇಕು. ಹೆಸರಿನವನೇ ದರ ಕಟ್ಟಲು, ಸಾಲ ತರಲು, ಬಿಲ್ಲು ಮಾಡಿಸಲು ಕಲಿತಾಗ ಮಾತ್ರ ಮೀಸಲಾತಿ ಹಣ್ಣಾಗುತ್ತದೆ.

ಮೂರನೆಯ ಬಾರಿ ಅಕ್ಕನ ಮಗ ಗೆದ್ದ. ಅಂಗನವಾಡಿಯ ಕಾಂಪೌಂಡು ಮತ್ತು ದುರಸ್ತಿ, ಅಂದಾಜು 6,00,000. ಶೇ. 5 ಕೆಳಗೆ, 5,70,000ಕ್ಕೆ. ಗೆದ್ದ ಸುದ್ದಿ ಬಂದ ಸಂಜೆಯೇ ಊರಿನ ಒಬ್ಬ ಮುಖಂಡರು ಕರೆದು, ನಾಳೆಯೇ ಪಾಯ ತೋಡಿಸಪ್ಪ, ಕಾಗದ ಹಿಂದಿನಿಂದ ಬರುತ್ತದೆ ಎಂದರು. ಅವನು ಹಾರೆ ಗುದ್ದಲಿ ಎತ್ತಿಕೊಂಡು ಹೊರಟೇಬಿಟ್ಟಿದ್ದ. ನಾನು ತಡೆದೆ. ಕಾರ್ಯಾದೇಶ ಕೈಗೆ ಬರುವ ಮುನ್ನ ಒಂದು ಬುಟ್ಟಿ ಮಣ್ಣನ್ನೂ ಎತ್ತಬೇಡ ಎಂದೆ. ಬೆಳಗಾವಿಯ ಪಕ್ಕದ ಹಿಂಡಲಗಾದಲ್ಲಿ ಜಾತ್ರೆಗೆಂದು ರಸ್ತೆ ಮುಂತಾದ ಕೆಲಸ ಮಾಡಿಸಿದ್ದ ಗುತ್ತಿಗೆದಾರರೊಬ್ಬರು, ಹಣ ಬಾರದೆ 2022ರ ಏಪ್ರಿಲ್‌ನಲ್ಲಿ ಉಡುಪಿಯ ವಸತಿಗೃಹದಲ್ಲಿ ಪ್ರಾಣ ಕಳೆದುಕೊಂಡದ್ದನ್ನು ನಾಡೆಲ್ಲ ಓದಿತು. ಅಲ್ಲಿ ಎದ್ದ ಮೊದಲ ಪ್ರಶ್ನೆಯೇ, ಆ ಕೆಲಸಕ್ಕೆ ಕಾರ್ಯಾದೇಶ ಎಲ್ಲಿದೆ ಎಂಬುದು. ಅದಕ್ಕೂ ಹಿಂದೆ, 2021ರ ಜುಲೈನಲ್ಲಿ, ರಾಜ್ಯ ಗುತ್ತಿಗೆದಾರರ ಸಂಘವೇ ಕಮಿಷನ್ನಿನ ಹಾವಳಿಯ ಬಗ್ಗೆ ಪ್ರಧಾನಿಗೆ ದೂರು ಬರೆದಿತ್ತು. ಬಾಯಿಮಾತಿನ ಮೇಲೆ ಮನೆ ಕಟ್ಟಬಹುದು, ನೆಂಟಸ್ತಿಕೆ ಕಟ್ಟಬಹುದು. ಸರ್ಕಾರದ ಕಾಂಪೌಂಡು ಕಟ್ಟಬಾರದು.

ಕಾಗದ ಹದಿನೆಂಟು ದಿನಕ್ಕೆ ಬಂತು. ಛಾಪಾ ಕಾಗದದ ಮೇಲೆ ಕರಾರಾಯಿತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ 3,00,000 ಸಾಲ ತಂದ. ಒಂದಿಷ್ಟಕ್ಕೆ ಹೆಂಡತಿಯ ಸರ ಅಡವಿಗೆ ಹೋಯಿತು. ಕೆಲಸ 75 ದಿನದಲ್ಲಿ ಮುಗಿಯಿತು. ಇಂಜಿನಿಯರು ಬಂದು ಅಳತೆ ಬರೆದುಕೊಂಡು, ಗೋಡೆಯನ್ನು ತಟ್ಟಿ ನೋಡಿ, ಚೆನ್ನಾಗಿದೆ ಎಂದರು. ಅಂದು ಅವನು ನಮ್ಮ ಮನೆಗೆ ಮೈಸೂರುಪಾಕು ತಂದಿದ್ದ.

ಆಮೇಲೆ ಬಿಲ್ಲಿನ ಯಾತ್ರೆ. ಕಲ್ಲೇಶ್ವರನ ಮಾಳಿಗೆಯಲ್ಲಿ ಎಂಟು ದಿಕ್ಪಾಲಕರಿದ್ದಾರೆಂದೆನಲ್ಲ, ಬಿಲ್ಲಿಗೂ ಅಷ್ಟೇ ಮಂದಿ. ಒಬ್ಬರು ಅಳತೆ ಬರೆಯುವವರು, ಒಬ್ಬರು ತಾಳೆ ನೋಡುವವರು, ಒಬ್ಬರು ಲೆಕ್ಕ ಹಾಕುವವರು, ಒಬ್ಬರು ಸಹಿ ಮಾಡುವವರು. ಎಲ್ಲರೂ ತಮ್ಮ ದಿಕ್ಕಿನಲ್ಲಿ ನಿಶ್ಚಲರು. ನಡುವೆ ಕುಣಿಯುವವನು ಮಾತ್ರ ಕಂಟ್ರಾಕ್ಟರು. ಎಲ್ಲ ಸಹಿಗಳೂ ಆದವೆನ್ನುವಾಗ ಅನುದಾನವಿಲ್ಲ ಎಂದರು. ಮಾರ್ಚ್ 31 ದಾಟಿತು. ಹಳೆಯ ವರ್ಷದ ಹಣ ಹಿಂದಕ್ಕೆ ಹೋಯಿತು. ಹೊಸ ವರ್ಷದ್ದು ಬರಬೇಕು. ಸಾಮಾನು ಪೂರೈಸುವ ನೋಂದಾಯಿತ ಸಣ್ಣ ಉದ್ಯಮಿಗೆ 2006ರ ಕಾಯ್ದೆಯಲ್ಲಿ 45 ದಿನದ ಗಡುವೂ ತಡವಾದರೆ ಬಡ್ಡಿಯೂ ಇದೆ. ಗೋಡೆ ಕಟ್ಟಿದವನ ಹಾದಿ ಅಷ್ಟು ಸಲೀಸಲ್ಲ. ನಮ್ಮಕ್ಕ ಪ್ರತಿ ಸೋಮವಾರ ಕಲ್ಲೇಶ್ವರನಿಗೆ ಕಾಯಿ ಒಡೆಸುತ್ತಿದ್ದಳು. ಸಾಲ ತಂದ ದಿನದಿಂದ ಹನ್ನೊಂದು ತಿಂಗಳಿಗೆ ಹಣ ಖಾತೆಗೆ ಬಿತ್ತು.

ಆ ರಾತ್ರಿ ಅವನೂ ನಾನೂ ಮತ್ತೆ ಲೆಕ್ಕಕ್ಕೆ ಕೂತೆವು. ಬಂದದ್ದು 5,70,000. ಆದಾಯ ತೆರಿಗೆಗೆ ಶೇ. 1, ಜಿ.ಎಸ್.ಟಿ. ಬಾಬ್ತು ಶೇ. 2 ಹಿಡಿದಿದ್ದರು; ಅವು ಲೆಕ್ಕಕ್ಕೆ ಜಮೆಯಾಗುವಂಥವು. ಭದ್ರತಾ ಠೇವಣಿ ದೋಷದ ಅವಧಿ ಮುಗಿದ ಮೇಲೆ ಬರುತ್ತದೆ. ಕಾರ್ಮಿಕರ ಕಲ್ಯಾಣದ ಸೆಸ್ಸು ಶೇ. 1, ಅಂದರೆ 5,700, ಅದು ಹೋದದ್ದೇ. ಸಾಮಾನು, ಕೂಲಿ ಎಲ್ಲ ಸೇರಿ ಖರ್ಚು 4,60,000. ಉಳಿದದ್ದು 1,04,300. ಬಡ್ಡಿ ತಿಂಗಳಿಗೆ 6,000ದಂತೆ ಹನ್ನೊಂದು ತಿಂಗಳಿಗೆ 66,000. ಕೊನೆಗೆ ಉಳಿದದ್ದು 38,300. 75 ದಿನಕ್ಕೆ ಹಂಚಿದರೆ ದಿನಕ್ಕೆ 510 ರೂಪಾಯಿ. ಅವನ ಕೈಕೆಳಗಿನ ಗಾರೆಯವನಿಗೆ ಅವನೇ ದಿನಕ್ಕೆ 800 ಕೊಟ್ಟಿದ್ದ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಗತೊಡಗಿದ. "ಮಾವ, ನಾನೇ ನನ್ನ ಹತ್ತಿರ ಕೂಲಿಗೆ ಹೋಗಿದ್ದರೆ ಲಾಭವಾಗ್ತಿತ್ತು" ಎಂದ.

ಹಾಗಾದರೆ ಬಿಟ್ಟನೇ? ಇಲ್ಲ. ಬಡ್ಡಿಯ ಕಾಲಂ ಈಗ ಅವನೇ ಮೊದಲು ಬರೆಯುತ್ತಾನೆ. ಆರು ತಿಂಗಳದ್ದಲ್ಲ, ಹನ್ನೆರಡು ತಿಂಗಳದ್ದು. ಅನುದಾನ ಬಿಡುಗಡೆಯಾಗಿದೆಯೇ ಎಂದು ಕೇಳಿಕೊಂಡೇ ಟೆಂಡರಿಗೆ ಕೈ ಹಾಕುತ್ತಾನೆ. ಪಕ್ಕದ ಊರಿನ ಇಬ್ಬರು ಮೇಸ್ತ್ರಿಗಳು ಅವನ ಬಳಿ ಕಾಗದ ಹಿಡಿದು ಬರುತ್ತಾರೆ. ಅವನು ಅವರನ್ನು ಕೂರಿಸಿಕೊಂಡು ಸಿಮೆಂಟು ಎಷ್ಟು, ಕಬ್ಬಿಣ ಎಷ್ಟು ಎಂದು ಬರೆಸುವ ದನಿಯಲ್ಲಿ ನನಗೆ ನನ್ನದೇ ಪಾಠದ ಗದರಿಕೆ ಕೇಳಿಸುತ್ತದೆ. ಶೇ. 23 ಬಿಲೋ ಬರೆಯುವವರು ಈಗಲೂ ಇದ್ದಾರೆ, ಈಗಲೂ ಗೆಲ್ಲುತ್ತಾರೆ. ಅವರೆದುರು ಇವನು ಐದು ಟೆಂಡರು ಹಾಕಿ ನಾಲ್ಕು ಸೋಲುತ್ತಾನೆ. ಐದನೆಯದರ ಗೋಡೆ ನೆಟ್ಟಗೆ ನಿಲ್ಲುತ್ತದೆ.

ಅಂಗನವಾಡಿಯ ಆ ಕಾಂಪೌಂಡಿಗೆ ಈಗ ನಾಲ್ಕು ಮಳೆಗಾಲಗಳಾದವು. ಕಾಮಗಾರಿಯ ಹಲಗೆಯನ್ನು ಯಾರೋ ಕಿತ್ತುಕೊಂಡು ಹೋಗಿ ಕೊಟ್ಟಿಗೆಯ ತಟ್ಟಿಗೆ ಹೊದಿಸಿದ್ದಾರೆ. ಗೋಡೆಯಲ್ಲಿ ಮಾತ್ರ ಒಂದು ಬಿರುಕಿಲ್ಲ.